ಬೆನ್ನುಚೀಲದ ಜೊತೆಗೊಂದು ಕೈಬಂದೂಕು: ಅಮೆರಿಕದ ಕಾಡುದಾರಿಗಳಲ್ಲಿ ತೂಕದ ಲೆಕ್ಕ

ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡು ಬೆಟ್ಟಗಳಲ್ಲಿ ನಡೆಯುವ ಅಮೆರಿಕದ ಚಾರಣಿಗರಲ್ಲಿ ತೂಕ ಇಳಿಸುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಊಟ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ಒಟ್ಟು ತೂಕ ಹತ್ತು ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕೆಜಿಗಿಂತ ಕಡಿಮೆಯಿದ್ದರೆ ಮಾತ್ರ ಅದನ್ನು ಅತಿ ಹಗುರದ ಚಾರಣ ಎನ್ನುವುದು ಅವರ ರೂಢಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರೂ ಈ ಗುಂಪಿನಲ್ಲಿದ್ದಾರೆ. ಇಂಥವರಲ್ಲೇ ಕೆಲವರು ಸೊಂಟಕ್ಕೋ ಎದೆಗೋ ಒಂದು ಕೈಬಂದೂಕನ್ನು ಕಟ್ಟಿಕೊಂಡು ಹೊರಡುತ್ತಾರೆ. ಗುಂಡು ತುಂಬಿದ ದೊಡ್ಡ ಗಾತ್ರದ ಪಿಸ್ತೂಲು ಒಂದು ಕೆಜಿಗೂ ಮಿಕ್ಕಿ ತೂಗುವುದರಿಂದ, ಆ ಒಂದೇ ವಸ್ತು ಇಡೀ ಸಾಮಾನಿನ ಕಾಲುಭಾಗದಷ್ಟು ಭಾರವಾಗಿಬಿಡುತ್ತದೆ. ಹಾಗಾಗಿ ಎಲ್ಲಕ್ಕಿಂತ ಹಗುರವಾದ ಕೈಬಂದೂಕು ಯಾವುದು ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಏಳುತ್ತದೆ. ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಡೇರೆಯನ್ನೋ ಒಲೆಯನ್ನೋ ಹಗುರ ಮಾಡಿದಂತೆ ಬಂದೂಕನ್ನು ಹಗುರ ಮಾಡಲು ಬರುವುದಿಲ್ಲ. ಅದರಿಂದ ಕಳೆದ ಒಂದೊಂದು ಗ್ರಾಂ ತೂಕವೂ ಹಾರಿಸುವಾಗ ಬೇರೊಂದು ರೂಪದಲ್ಲಿ ಕೈಗೆ ಮರಳುತ್ತದೆ.

ತೂಕದ ಮಾತಿಗಿಂತ ಮೊದಲು ಕೇಳಬೇಕಾದದ್ದು ಯಾವ ಕಾಡು, ಯಾವ ಪ್ರಾಣಿ ಎಂಬುದನ್ನು. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿ.ಮೀ. ಸಾಗುವ ಪೆಸಿಫಿಕ್ ಕ್ರೆಸ್ಟ್ ಹಾದಿಯಲ್ಲಿಯೂ ಪೂರ್ವದ ಅಪಲಾಚಿಯನ್ ಹಾದಿಯಲ್ಲಿಯೂ ಚಾರಣಿಗರಿಗೆ ಎದುರಾಗುವುದು ಕಪ್ಪು ಕರಡಿ. ಅದರ ಕಣ್ಣಿರುವುದು ಹೆಚ್ಚಾಗಿ ಊಟದ ಚೀಲದ ಮೇಲೆ. ಗದರಿಸಿದರೆ, ಪಾತ್ರೆ ಬಡಿದರೆ ಸಾಮಾನ್ಯವಾಗಿ ದೂರ ಸರಿಯುತ್ತದೆ. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಇಂದಿಗೂ ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯ ಚಿತ್ರವಿದೆಯಾದರೂ ಆ ರಾಜ್ಯದ ಕಾಡುಗಳಲ್ಲಿ ಗ್ರಿಜ್ಲಿ ಅಳಿದು ನೂರು ವರ್ಷವಾಯಿತು. ಗ್ರಿಜ್ಲಿ ನಿಜವಾಗಿಯೂ ಇರುವುದು ಯೆಲ್ಲೋಸ್ಟೋನ್ ಸುತ್ತಮುತ್ತ, ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಸುತ್ತ, ಮತ್ತು ಬಹುದೊಡ್ಡ ಸಂಖ್ಯೆಯಲ್ಲಿ ಅಲಾಸ್ಕಾದಲ್ಲಿ. ಮರಿಗಳ ಜೊತೆಗಿರುವ ಗ್ರಿಜ್ಲಿಯ ಎದುರು ಅಚಾನಕ್ಕಾಗಿ ಸಿಕ್ಕಿಬಿದ್ದಾಗ ಬೇಕಾಗುವ ಬಂದೂಕೇ ಬೇರೆ, ಹಾದಿ ಹೆದ್ದಾರಿಯನ್ನು ದಾಟುವ ಜಾಗದಲ್ಲಿ ಅನುಮಾನಾಸ್ಪದ ಮನುಷ್ಯನೊಬ್ಬ ಹಿಂಬಾಲಿಸಿದರೆ ಎಂಬ ಅಂಜಿಕೆಗೆ ಜನ ಒಯ್ಯುವ ಬಂದೂಕೇ ಬೇರೆ. ಎರಡನ್ನೂ ಒಂದೇ ಬಂದೂಕಿನಲ್ಲಿ ಹುಡುಕುವವರು ಕಡೆಗೆ ಯಾವುದಕ್ಕೂ ಸರಿಹೊಂದದ್ದನ್ನು ಕೊಂಡು ತರುತ್ತಾರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಕಸ್ಮಿಕವಾಗಿ ಸಾಯುವವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ವಾಹನ ಅಪಘಾತ, ನೀರಿನಲ್ಲಿ ಮುಳುಗುವುದು ಮತ್ತು ಎತ್ತರದಿಂದ ಬೀಳುವುದು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಈ ಮೂರಕ್ಕೂ ಬಂದೂಕಿನಿಂದ ಪ್ರಯೋಜನವಿಲ್ಲ.

ಇನ್ನು ತೂಕದ ಭೌತಶಾಸ್ತ್ರಕ್ಕೆ ಬರೋಣ. ತೆಪ್ಪದ ಮೇಲಿಂದ ದಡಕ್ಕೆ ಹಾರಿದರೆ ತೆಪ್ಪ ಹಿಂದಕ್ಕೆ ಸರಿಯುತ್ತದೆ, ತೆಪ್ಪ ಚಿಕ್ಕದಾದಷ್ಟೂ ವೇಗವಾಗಿ ಸರಿಯುತ್ತದೆ. ಬಂದೂಕಿನ ಒದೆತದ ಹಿಂದಿರುವುದೂ ಇದೇ ನಿಯಮ. ಗುಂಡು ಮತ್ತು ಉರಿದ ಮದ್ದಿನ ಅನಿಲ ಮುಂದಕ್ಕೆ ಎಷ್ಟು ಸಂವೇಗವನ್ನು ಒಯ್ಯುತ್ತವೆಯೋ ಅಷ್ಟೇ ಸಂವೇಗ ಬಂದೂಕಿಗೆ ಹಿಂದಕ್ಕೆ ಬರುತ್ತದೆ. ಕಾಡತೂಸು ಅದೇ ಆಗಿದ್ದರೆ ಈ ಸಂವೇಗವೂ ಬದಲಾಗುವುದಿಲ್ಲ. ಆದರೆ ಅದು ಕೈಗೆ ತಲುಪಿಸುವ ಶಕ್ತಿ ಬಂದೂಕಿನ ತೂಕಕ್ಕೆ ವಿಲೋಮವಾಗಿರುತ್ತದೆ, ಅಂದರೆ ತೂಕ ಅರ್ಧವಾದರೆ ಒದೆತದ ಶಕ್ತಿ ದುಪ್ಪಟ್ಟಾಗುತ್ತದೆ. ಜಾಹೀರಾತಿನಲ್ಲಿ ತೂಕದ ಅಂಕಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಈ ಎರಡನೆಯ ಅಂಕಿ ಎಲ್ಲಿಯೂ ಇರುವುದಿಲ್ಲ.

ಉದಾಹರಣೆಗೆ ಸ್ಮಿತ್ ಅಂಡ್ ವೆಸನ್ ಕಂಪನಿಯ, ತಿರುಗುವ ಸಿಲಿಂಡರ್‌ನಲ್ಲಿ ಗುಂಡು ಹಿಡಿಯುವ ಎರಡು ರಿವಾಲ್ವರ್‌ಗಳನ್ನು ಎದುರುಬದುರು ಇಡಬಹುದು. ಎರಡೂ .44 ಮ್ಯಾಗ್ನಮ್ ಎಂಬ ಬಲವಾದ ಕಾಡತೂಸಿನವು (ಈ ಅಂಕಿ ಗುಂಡಿನ ಅಗಲವನ್ನು ಸರಿಸುಮಾರಾಗಿ ಇಂಚಿನಲ್ಲಿ ಹೇಳುತ್ತದೆ), ಎರಡಕ್ಕೂ ಸುಮಾರು ನಾಲ್ಕು ಇಂಚಿನ ನಳಿಗೆ, ಎರಡರಲ್ಲೂ ಆರು ಗುಂಡು. ಪೂರ್ತಿ ಉಕ್ಕಿನ 629 ಮಾದರಿ ಖಾಲಿಯಿರುವಾಗ ಸುಮಾರು 1.2 ಕೆಜಿ ತೂಗುತ್ತದೆ. ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು ಮತ್ತು ಟೈಟಾನಿಯಂ ಸಿಲಿಂಡರ್ ಇರುವ 329ಪಿಡಿ ಮಾದರಿಯ ತೂಕ ಸುಮಾರು 710 ಗ್ರಾಂ ಮಾತ್ರ. ಚಾರಣಿಗನಿಗೆ ಇದು ಸುಮಾರು ಅರ್ಧ ಕೆಜಿಯ ಉಳಿತಾಯ. ಆದರೆ ಗುಂಡು ತುಂಬಿದ ತೂಕದಲ್ಲಿ ಲೆಕ್ಕ ಹಾಕಿದರೆ ಹಗುರವಾದದ್ದರ ಒದೆತ ಉಕ್ಕಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಉಕ್ಕಿನದರ ಒದೆತವೇ ಹೊಸಬರನ್ನು ಬೆದರಿಸುವಂಥದ್ದು. ಪೂರ್ಣ ಬಲದ ಮದ್ದಿನಿಂದ 329ಪಿಡಿಯನ್ನು ಹಾರಿಸುವವರು ಕೆಲವೇ ಸುತ್ತುಗಳಲ್ಲಿ ಸಾಕೆನ್ನುತ್ತಾರೆ. ಸಾಕೆಂದ ಮೇಲೆ ಅಭ್ಯಾಸ ನಿಲ್ಲುತ್ತದೆ, ಅಭ್ಯಾಸವಿಲ್ಲದವನ ಎರಡನೆಯ ಗುಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳು ಇದೇ: ಹೊರಲು ಸುಖವಾದ ಬಂದೂಕು ಹಾರಿಸಲು ಕಷ್ಟ, ಮತ್ತು ಹಾರಿಸಲು ಕಷ್ಟವಾದ ಬಂದೂಕನ್ನು ಯಾರೂ ಬೇಕಾದಷ್ಟು ಹಾರಿಸಿ ಕಲಿಯುವುದಿಲ್ಲ.

ಇನ್ನೂ ಹಗುರವಾದವು ಜೇಬಿನ ರಿವಾಲ್ವರ್‌ಗಳು. ಅದೇ ಕಂಪನಿಯ 340ಪಿಡಿ ಐದು ಗುಂಡಿನ .357 ಮ್ಯಾಗ್ನಮ್, ತೂಕ ಸುಮಾರು 330 ಗ್ರಾಂ. 2009ರಲ್ಲಿ ಮಾರುಕಟ್ಟೆಗೆ ಬಂದ ರೂಗರ್ ಎಲ್‌ಸಿಆರ್ ತನ್ನ ಚೌಕಟ್ಟಿನ ಒಂದು ಭಾಗದಲ್ಲಿ ಪಾಲಿಮರ್ ಬಳಸಿ .38 ಸ್ಪೆಷಲ್ ಮಾದರಿಯಲ್ಲಿ ಸುಮಾರು 380 ಗ್ರಾಂಗೆ ಇಳಿಯಿತು, ಅದರ .357 ಮಾದರಿ ಮಾತ್ರ ಸುಮಾರು 485 ಗ್ರಾಂ ತೂಗುತ್ತದೆ. ಈ ನೂರು ಗ್ರಾಂ ಹೆಚ್ಚಳವನ್ನು ಕೊರತೆಯೆಂದು ನೋಡಬೇಕಿಲ್ಲ. ಹೆಚ್ಚಿನ ಒತ್ತಡವನ್ನು ತಡೆಯಲು ಅಲ್ಲಿ ಉಕ್ಕು ಬೇಕಾಗುತ್ತದೆ, ಆ ಉಕ್ಕು ಕೈಯನ್ನೂ ಸ್ವಲ್ಪ ಕಾಪಾಡುತ್ತದೆ. ಎರಡು ಇಂಚಿಗಿಂತ ಚಿಕ್ಕ ನಳಿಗೆಯಲ್ಲಿ ಮ್ಯಾಗ್ನಮ್ ಮದ್ದು ಪೂರ್ತಿ ಕೆಲಸ ಮಾಡುವಷ್ಟರಲ್ಲಿ ಗುಂಡು ಹೊರಗೆ ಹೋಗಿರುತ್ತದೆ, ಉಳಿದ ಮದ್ದು ಮೂತಿಯ ಮುಂದೆ ಬೆಂಕಿಯಾಗಿ ಉರಿಯುತ್ತದೆ. ಹೀಗಾಗಿ ಸದ್ದು, ಬೆಳಕು, ಒದೆತ ಎಲ್ಲ ದೊರೆತರೂ ಗುಂಡಿಗೆ ಹೆಸರಿಗೆ ತಕ್ಕ ವೇಗ ದೊರೆಯುವುದಿಲ್ಲ. ಇಂಥ ರಿವಾಲ್ವರ್‌ನಲ್ಲಿ ಮ್ಯಾಗ್ನಮ್ ಬದಲು, ಅದರಲ್ಲಿಯೇ ಕೂರುವ ಕಡಿಮೆ ಬಲದ .38 ಸ್ಪೆಷಲ್ ತುಂಬುವುದೇ ವಿವೇಕ ಎಂದು ಅನುಭವಿಗಳು ಹೇಳುವುದಕ್ಕೆ ಇದೇ ಕಾರಣ.

ಹಗುರವಾದ ರಿವಾಲ್ವರ್‌ಗೆ ಅಂಗಡಿಯವರು ಸಾಮಾನ್ಯವಾಗಿ ಹೇಳದ ಇನ್ನೊಂದು ತೊಂದರೆಯುಂಟು. ಒಂದು ಗುಂಡು ಹಾರಿದಾಗ ಬಂದೂಕು ಜೋರಾಗಿ ಹಿಂದಕ್ಕೆ ಜಿಗಿಯುತ್ತದೆ; ಸಿಲಿಂಡರ್‌ನಲ್ಲಿ ಉಳಿದ ಕಾಡತೂಸುಗಳ ಹಿತ್ತಾಳೆಯ ಕವಚವೂ ಅದರೊಡನೆ ಹಿಂದಕ್ಕೆ ಹೋಗುತ್ತದೆ, ಆದರೆ ಕವಚದ ಬಾಯಲ್ಲಿ ಸಿಕ್ಕಿಸಿದ ಭಾರವಾದ ಸೀಸದ ಗುಂಡು ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ. ಕವಚದ ಹಿಡಿತ ಸಡಿಲವಾಗಿದ್ದರೆ ಗುಂಡು ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತಾ ಬಂದು, ಕಡೆಗೆ ಸಿಲಿಂಡರ್‌ನ ಮುಂಭಾಗದಿಂದ ಹೊರಕ್ಕೆ ಚಾಚಿ ಚೌಕಟ್ಟಿಗೆ ತಾಗುತ್ತದೆ. ಆಗ ಸಿಲಿಂಡರ್ ತಿರುಗುವುದಿಲ್ಲ. ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು ಎಂಬ ರಿವಾಲ್ವರ್‌ನ ಹೆಸರುವಾಸಿ ಭರವಸೆ ಈ ಒಂದು ಸಂದರ್ಭದಲ್ಲಿ ಕೈಕೊಡುತ್ತದೆ. ಟೈಟಾನಿಯಂ ಸಿಲಿಂಡರ್‌ಗೆ ಮತ್ತೊಂದು ನಿರ್ಬಂಧವಿದೆ: 120 ಗ್ರೇನ್‌ಗಿಂತ, ಅಂದರೆ ಸುಮಾರು 7.8 ಗ್ರಾಂಗಿಂತ ಹಗುರವಾದ ಗುಂಡಿನ ಮ್ಯಾಗ್ನಮ್ ಕಾಡತೂಸನ್ನು ಬಳಸಬಾರದೆಂದು 340ಪಿಡಿಯ ನಳಿಗೆಯ ಮೇಲೆಯೇ ಕೆತ್ತಿರುತ್ತಾರೆ. ಹಗುರ ಗುಂಡಿನ ಹಿಂದೆ ಉರಿಯುವ ಮದ್ದು ಟೈಟಾನಿಯಂ ಮೇಲ್ಮೈಯನ್ನು ಕೊರೆಯುವುದು ಇದಕ್ಕೆ ಕಾರಣ. ಆದ್ದರಿಂದ ಅತಿ ಹಗುರದ ರಿವಾಲ್ವರ್ ಕೊಂಡವರು ತಾವು ಒಯ್ಯಲಿರುವ ಅದೇ ಕಾಡತೂಸಿನಿಂದಲೇ ಪೂರ್ತಿ ಸಿಲಿಂಡರ್ ಹಾರಿಸಿ, ಕೊನೆಯ ಗುಂಡು ಮುಂದಕ್ಕೆ ಸರಿದಿದೆಯೇ ಎಂದು ಅಳೆದು ನೋಡಬೇಕು.

ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ಪಿಸ್ತೂಲುಗಳ ಕಡೆಗೆ ಚಾರಣಿಗರು ಇತ್ತೀಚೆಗೆ ಹೆಚ್ಚು ವಾಲಿರುವುದರಲ್ಲಿ ಆಶ್ಚರ್ಯವಿಲ್ಲ. 1983ರಲ್ಲಿ ಬ್ರೆನ್ ಟೆನ್ ಎಂಬ ಪಿಸ್ತೂಲಿನೊಂದಿಗೆ ಬಂದ 10 ಎಂಎಂ ಕಾಡತೂಸು ಆ ಪಿಸ್ತೂಲು ಮೂಲೆಗುಂಪಾದ ಮೇಲೂ ಉಳಿದುಕೊಂಡಿತು. ಇಂದು ಗ್ರಿಜ್ಲಿ ಪ್ರದೇಶದಲ್ಲಿ ಓಡಾಡುವವರ ಬಾಯಲ್ಲಿ ಗ್ಲಾಕ್ 20 ಎಂಬ 10 ಎಂಎಂ ಪಿಸ್ತೂಲಿನ ಹೆಸರು .44 ರಿವಾಲ್ವರ್‌ನಷ್ಟೇ ಸಲೀಸಾಗಿ ಬರುತ್ತದೆ. ಗ್ರೀನ್‌ಲ್ಯಾಂಡಿನ ಈಶಾನ್ಯದ ಹಿಮದಲ್ಲಿ ನಾಯಿಗಾಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕ್ ಸೇನೆಯ ಸಿರಿಯಸ್ ದಳ ಹಿಮಕರಡಿಗಳ ವಿರುದ್ಧ ರಕ್ಷಣೆಗೆ ಒಯ್ಯುವುದೂ ಇದನ್ನೇ. ಹದಿನೈದು ಗುಂಡು ತುಂಬಿದಾಗ ಇದರ ತೂಕ ಸುಮಾರು 1.1 ಕೆಜಿ, ಅಂದರೆ ಹಗುರವೇನಲ್ಲ. ಒಂದು ಗುಂಡಿನ ಶಕ್ತಿಯಲ್ಲಿ 10 ಎಂಎಂ .44 ಮ್ಯಾಗ್ನಮ್‌ಗಿಂತ ಹಿಂದಿದೆ. ಆದರೆ ಒದೆತ ಕಡಿಮೆಯಿರುವುದರಿಂದ ಸಾಮಾನ್ಯ ಅಭ್ಯಾಸವಿರುವವರೂ ಎರಡನೆಯ, ಮೂರನೆಯ ಗುಂಡನ್ನು ಬೇಗ ಗುರಿಗೆ ತಲುಪಿಸಬಲ್ಲರು.

ಇದಕ್ಕಿಂತಲೂ ಹಗುರ ಬೇಕೆನ್ನುವವರಿಗೆ 9 ಎಂಎಂ ಇದೆ. ಸಿಗ್ ಸಾವರ್ ಕಂಪನಿಯ ಪಿ365 ಸುಮಾರು 500 ಗ್ರಾಂ ತೂಕದಲ್ಲಿ ಮ್ಯಾಗಜೀನಿನಲ್ಲಿ ಹತ್ತು ಗುಂಡು ಹಿಡಿಯುತ್ತದೆ. 9 ಎಂಎಂ ಕರಡಿಗೆ ಸಾಲದೆಂಬ ಮಾತನ್ನು 2016ರಲ್ಲಿ ಅಲಾಸ್ಕಾದ ಅನುಭವಿ ಮಾರ್ಗದರ್ಶಿಯೊಬ್ಬರು ಗಟ್ಟಿ ಸೀಸದ ಗುಂಡುಗಳಿಂದ ದೊಡ್ಡ ಕಂದು ಕರಡಿಯನ್ನು ಕೊಂದು ತಮ್ಮ ಅತಿಥಿಗಳನ್ನು ಉಳಿಸಿಕೊಂಡ ಘಟನೆ ಸಡಿಲಗೊಳಿಸಿತು. ಆದರೆ ಆ ಘಟನೆಯಿಂದ 9 ಎಂಎಂ ಸಾಕು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ದಶಕಗಳ ಕಾಲ ಕರಡಿಗಳ ನಡುವೆ ಬದುಕಿದವರ ಕೈ ಮತ್ತು ಕಣ್ಣು ಕಾಡತೂಸಿನ ಜೊತೆಗೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಸುಮಾರು 270 ಗ್ರಾಂನ ರೂಗರ್ ಎಲ್‌ಸಿಪಿಯಂಥ .380 ಪಿಸ್ತೂಲುಗಳೂ .22 ಕಾಡತೂಸಿನ ಪುಟ್ಟ ರಿವಾಲ್ವರ್‌ಗಳೂ ತಕ್ಕಡಿಯಲ್ಲಿ ಗೆಲ್ಲುತ್ತವೆಯಾದರೂ ದೊಡ್ಡ ಪ್ರಾಣಿಯ ಎದುರು ಅವನ್ನು ನೆಚ್ಚಲಾಗದು.

ಪಿಸ್ತೂಲಿಗೂ ಅದರದೇ ದೌರ್ಬಲ್ಯಗಳಿವೆ. ಕೈ ಸಡಿಲವಾಗಿದ್ದರೆ, ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಜಾರುವ ಅದರ ಮೇಲ್ಭಾಗ ಪೂರ್ತಿ ಹಿಂದಕ್ಕೆ ಸರಿಯದೆ ಖಾಲಿ ಕವಚ ಸಿಕ್ಕಿಕೊಳ್ಳಬಹುದು. ಪ್ರಾಣಿ ಮೈಮೇಲೆ ಬಿದ್ದಾಗ ಮೂತಿಯನ್ನು ಅದರ ಮೈಗೆ ಒತ್ತಿ ಹಾರಿಸಲು ಹೋದರೆ ಮೇಲ್ಭಾಗ ಕೊಂಚ ಹಿಂದಕ್ಕೆ ತಳ್ಳಲ್ಪಟ್ಟು ಬಂದೂಕು ಸಿಡಿಯದೇ ಇರಬಹುದು. ಹೀಗೆ ಒತ್ತಿ ಹಾರಿಸಬೇಕಾದ ಸಂದರ್ಭದಲ್ಲಿ ರಿವಾಲ್ವರ್ ಮೇಲು.

ಗುಂಡಿನ ಬಗೆಯೂ ಮುಖ್ಯ. ಪಟ್ಟಣದಲ್ಲಿ ಆತ್ಮರಕ್ಷಣೆಗೆಂದು ಮಾರುವ, ತುದಿಯಲ್ಲಿ ಕುಳಿಯಿರುವ ಗುಂಡುಗಳು ಮೈಯೊಳಗೆ ಹೋದೊಡನೆ ಅಗಲವಾಗಿ ಅಲ್ಲೇ ನಿಲ್ಲುವಂತೆ ರೂಪುಗೊಂಡವು. ದಪ್ಪ ಚರ್ಮ, ಕೊಬ್ಬು, ಮಾಂಸಖಂಡ, ಗಟ್ಟಿ ಮೂಳೆಗಳಿರುವ ಕರಡಿಯಲ್ಲಿ ಅವು ಜೀವಸ್ಥಾನ ಮುಟ್ಟುವ ಮೊದಲೇ ನಿಂತುಬಿಡಬಹುದು. ಅದಕ್ಕೆಂದೇ ಗ್ರಿಜ್ಲಿ ಪ್ರದೇಶದವರು ಗಡಸು ಸೀಸದಲ್ಲಿ ಎರಕ ಹೊಯ್ದ, ಚಪ್ಪಟೆ ಮೂತಿಯ, ಆಕಾರಗೆಡದೆ ಆಳಕ್ಕೆ ಇಳಿಯುವ ಭಾರದ ಗುಂಡುಗಳನ್ನು ಆರಿಸುತ್ತಾರೆ. ಎಷ್ಟೇ ದೊಡ್ಡದಾದರೂ ಕೈಬಂದೂಕು ರೈಫಲ್ಲಿಗೆ ಸಮವಲ್ಲ. ಅದು ಪ್ರಾಣಿಯನ್ನು ನಿಂತಲ್ಲೇ ಕೆಡವುವುದು ಮೆದುಳಿಗೋ ಬೆನ್ನುಹುರಿಗೋ ತಾಗಿದಾಗ ಮಾತ್ರ.

ಇನ್ನು ಬಂದೂಕನ್ನು ಎಲ್ಲಿ ಇಟ್ಟುಕೊಳ್ಳಬೇಕು? ಗ್ರಿಜ್ಲಿ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲುದು, ಅಂದರೆ ಮೂವತ್ತು ಮೀಟರ್ ದೂರವನ್ನು ಅದು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಈ ಎರಡು ಸೆಕೆಂಡಿನಲ್ಲಿ ಕೈಯಲ್ಲಿರುವ ಊರುಗೋಲನ್ನು ಬಿಟ್ಟು, ಬಂದೂಕನ್ನು ಎಳೆದು, ಗುರಿಯಿಟ್ಟು ಹಾರಿಸಬೇಕು. ಬೆನ್ನುಚೀಲದೊಳಗಿನ ಬಂದೂಕಿನಿಂದ ಇದು ಸಾಧ್ಯವಿಲ್ಲ. ಸೊಂಟಕ್ಕೆ ಕಟ್ಟಿದರೆ ಚೀಲದ ದಪ್ಪ ಸೊಂಟಪಟ್ಟಿ ಅದರ ಮೇಲೆ ಕೂತು ಹಿಡಿಯನ್ನು ಮುಚ್ಚುತ್ತದೆ. ಹಾಗಾಗಿ ಅಲಾಸ್ಕಾದ ಮಾರ್ಗದರ್ಶಿಗಳೂ ಮೀನುಗಾರರೂ ಬಹುಕಾಲದಿಂದ ಬಳಸುವ ಎದೆಯೊರೆಯೇ ಚಾರಣಿಗನಿಗೂ ಒಳ್ಳೆಯದು. ಬಂದೂಕು ಎದೆಯ ಮೇಲೆ ಓರೆಯಾಗಿ ಕೂರುತ್ತದೆ. ಚೀಲ ಇಳಿಸಿದ ಮೇಲೂ ಮೈಮೇಲೆಯೇ ಇರುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಒರೆ ಇರಲೇಬೇಕು. ಅದರ ನೂರಿನ್ನೂರು ಗ್ರಾಂ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೈಬಂದೂಕಿನ ಒಂದೇ ಹೊಡೆತದ ಸದ್ದು 140 ಡೆಸಿಬೆಲ್‌ಗೂ ಮೀರುವುದರಿಂದ, ಅಭ್ಯಾಸದ ವೇಳೆಯಲ್ಲಂತೂ ಕಿವಿಗೆ ರಕ್ಷಣೆ ತಪ್ಪಿಸಬಾರದು.

ಇಷ್ಟಾದ ಮೇಲೂ ಇವುಗಳಲ್ಲಿ ಹೆಚ್ಚಿನವಕ್ಕಿಂತ ಹಗುರವಾದ, ಸುಮಾರು 300 ಗ್ರಾಂ ತೂಗುವ ಸಾಧನವೊಂದಿದೆ: ಕರಡಿಗೆಂದೇ ತಯಾರಾದ ಮೆಣಸಿನ ಸಿಂಪಡಣೆ, ಅಲ್ಲಿನವರು ಬೇರ್ ಸ್ಪ್ರೇ ಎನ್ನುವುದು. ಮೆಣಸಿನ ಖಾರದ ಸತ್ವವನ್ನು ಕಡಿಮೆಯೆಂದರೂ 25 ಅಡಿ ದೂರಕ್ಕೆ ಮೋಡದಂತೆ ಉಗುಳುವ ಡಬ್ಬಿ ಅದು. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದ 83 ಪ್ರಕರಣಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಿಂಪಡಣೆ ಕಂದು ಕರಡಿಗಳನ್ನು ಶೇ. 92ರಷ್ಟು ಸಂದರ್ಭಗಳಲ್ಲಿ ತಡೆದಿತ್ತು. ಅವರೇ 2012ರಲ್ಲಿ ಪ್ರಕಟಿಸಿದ, ಬಂದೂಕುಗಳನ್ನು ಕುರಿತ 269 ಪ್ರಕರಣಗಳ ಅಧ್ಯಯನದಲ್ಲಿ ಕೈಬಂದೂಕುಗಳ ಯಶಸ್ಸು ಶೇ. 84, ಉದ್ದ ಬಂದೂಕುಗಳದು ಶೇ. 76. ಈ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಸಿಂಪಡಣೆಯ ಪ್ರಕರಣಗಳಲ್ಲಿ ಕುತೂಹಲದಿಂದ ಹತ್ತಿರ ಬಂದ ಕರಡಿಗಳೂ ಸೇರಿದ್ದವು, ಬಂದೂಕಿನ ಪ್ರಕರಣಗಳಲ್ಲಾದರೋ ಕೆಟ್ಟದಾಗಿ ಮುಗಿದವೇ ದಾಖಲೆಗೆ ಹೆಚ್ಚಾಗಿ ಬರುವ ಸಾಧ್ಯತೆಯಿದೆ. ಆದರೂ ಬಂದೂಕಿನ ಅಧ್ಯಯನದ ಒಂದು ಮಾತನ್ನು ತಳ್ಳಿಹಾಕಲು ಬರುವುದಿಲ್ಲ: ಬಂದೂಕು ಹೊತ್ತವರು ಅದನ್ನು ಹಾರಿಸಿದರೂ ಹಾರಿಸದಿದ್ದರೂ ಗಾಯಗೊಂಡ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಿಂಪಡಣೆಗೆ ಕರಾರುವಾಕ್ಕಾದ ಗುರಿ ಬೇಡ, ಒದೆತವಿಲ್ಲ. ಎದುರುಗಾಳಿಯಲ್ಲಿ ಮಾತ್ರ ಅದು ಸೊರಗುತ್ತದೆ. ಕಪ್ಪು ಕರಡಿಯ ನಾಡಿನಲ್ಲಿ ಆಹಾರವನ್ನು ಗಟ್ಟಿ ಡಬ್ಬಿಯಲ್ಲಿ ಭದ್ರವಾಗಿಡುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಆ ಡಬ್ಬಿಯ ತೂಕ ಒಂದು ಪಿಸ್ತೂಲಿನಷ್ಟೇ ಇದ್ದರೂ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದ ಕಾಡಿನಲ್ಲಿ ರಾತ್ರಿ ತಂಗುವವರಿಗೆ ಅದು ಕಡ್ಡಾಯ.

ಕಾನೂನಿನ ಮಾತಿಗೆ ಬಂದರೆ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು ಬಂದೂಕು ಇಟ್ಟುಕೊಳ್ಳಲು 2010ರ ಫೆಬ್ರವರಿ 22ರಿಂದ ಅವಕಾಶವಿದೆ. ಆದರೆ ಅಲ್ಲಿ ಸುಮ್ಮನೆ ಹಾರಿಸುವಂತಿಲ್ಲ, ಉದ್ಯಾನದ ಮಾಹಿತಿ ಕೇಂದ್ರ, ಕಚೇರಿಗಳೊಳಗೆ ಒಯ್ಯುವಂತಿಲ್ಲ. ಅಪಲಾಚಿಯನ್ ಹಾದಿ ಹದಿನಾಲ್ಕು ರಾಜ್ಯಗಳನ್ನು ದಾಟುತ್ತದೆ: ಪರವಾನಗಿಯೇ ಬೇಡವೆನ್ನುವ ಜಾರ್ಜಿಯಾದಲ್ಲಿ ಆರಂಭಿಸಿದವನು ಬೇರೆ ರಾಜ್ಯದ ಪರವಾನಗಿಯನ್ನೇ ಒಪ್ಪದ ನ್ಯೂಜೆರ್ಸಿ, ನ್ಯೂಯಾರ್ಕ್‌ಗಳನ್ನು ಕಾಲ್ನಡಿಗೆಯಲ್ಲೇ ಹೊಕ್ಕುತ್ತಾನೆ. ಸಾಗಾಟದಲ್ಲಿರುವ ಬಂದೂಕಿಗೆ 1986ರ ಕೇಂದ್ರ ಕಾಯ್ದೆ ಕೊಡುವ ರಕ್ಷಣೆ, ಗುಂಡು ಇಳಿಸಿ ಕೈಗೆ ಸಿಗದಂತೆ ಇಟ್ಟವರಿಗೆ ಮಾತ್ರ. ಚಾರಣ ಮುಗಿಸಿ ಕೆನಡಾಕ್ಕೆ ಹೋಗುವವರು ಅಲ್ಲಿಗೆ ಕೈಬಂದೂಕು ಒಯ್ಯಲಾಗದು. ಗ್ರಿಜ್ಲಿಯನ್ನು ಪ್ರಾಣರಕ್ಷಣೆಗೆಂದು ಕೊಂದರೂ, 1975ರಿಂದ ರಕ್ಷಿತ ಪ್ರಾಣಿಯಾಗಿರುವ ಕಡೆ ಐದು ದಿನದೊಳಗೆ ವರದಿ ಮಾಡಬೇಕು. ಅಲಾಸ್ಕಾದಲ್ಲಾದರೆ ಕರಡಿಯ ಚರ್ಮ ಸುಲಿದು, ತಲೆಬುರುಡೆಯೊಂದಿಗೆ ಹೊತ್ತು ತಂದು ಸರ್ಕಾರಕ್ಕೆ ಒಪ್ಪಿಸಬೇಕು.

ಕರ್ನಾಟಕದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವುದು ಅಪರಾಧ. ಆದರೆ ಸಿಯಾಟಲ್, ಡೆನ್ವರ್, ಬೇ ಏರಿಯಾಗಳಲ್ಲಿ ನೆಲೆಸಿ ವಾರಾಂತ್ಯಕ್ಕೆ ಬೆಟ್ಟ ಹತ್ತುವ ಕನ್ನಡಿಗರು ತಿಳಿದಿರಬೇಕಾದ ವಿಷಯವೊಂದಿದೆ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಬಂದೂಕನ್ನಷ್ಟೇ ಅಲ್ಲ, ಒಂದು ಕಾಡತೂಸನ್ನು ಇಟ್ಟುಕೊಳ್ಳುವುದನ್ನೂ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ತಪ್ಪಿದರೆ ಹದಿನೈದು ವರ್ಷದವರೆಗೆ ಸೆರೆವಾಸವಾಗಬಹುದು, ಗಡೀಪಾರೂ ಆಗಬಹುದು. ಸ್ನೇಹಿತನ ಪಿಸ್ತೂಲನ್ನು ಡೇರೆಯಲ್ಲಿ ಒಂದು ರಾತ್ರಿ ತನ್ನ ಬಳಿ ಇಟ್ಟುಕೊಂಡರೂ ಅದು ಕಾನೂನಿನ ಕಣ್ಣಿಗೆ ಬೀಳಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆದರೆ ಅವರೂ ಅಧಿಕೃತ ಅಂಗಡಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು, ಹಿನ್ನೆಲೆ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು, ತಾವು ವಾಸಿಸುವ ರಾಜ್ಯದಲ್ಲಿಯೇ ಅದನ್ನು ಪಡೆಯಬೇಕು. ಬೇರ್ ಸ್ಪ್ರೇಗೆ ಈ ವೀಸಾದ ತೊಡಕು ಯಾವುದೂ ಇಲ್ಲ. ಯೊಸೆಮಿಟಿಯಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ, ವಿಮಾನದಲ್ಲಿ ಕೈಚೀಲದಲ್ಲಾಗಲಿ ಒಪ್ಪಿಸುವ ಸಾಮಾನಿನಲ್ಲಾಗಲಿ ಒಯ್ಯುವಂತಿಲ್ಲ; ಯೆಲ್ಲೋಸ್ಟೋನ್ ಅಥವಾ ಗ್ಲೇಸಿಯರ್‌ಗೆ ಹೊರಟವರು ಬೋಜ್‌ಮನ್‌ನಲ್ಲೋ ಕ್ಯಾಲಿಸ್ಪೆಲ್‌ನಲ್ಲೋ ಇಳಿದ ಮೇಲೆ ಚಾರಣ ಸಾಮಗ್ರಿಯ ಅಂಗಡಿಯಿಂದ ಒಂದು ಡಬ್ಬಿ ಕೊಂಡು, ಅದರ ಮೇಲೆ ಮುದ್ರಿಸಿರುವ ಅವಧಿ ಮುಗಿದಿಲ್ಲವೇ ಎಂದು ನೋಡಿ, ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡು ಹೊರಡಬಹುದು.